ಸಾಸಲು ನನ್ನದಾದ ಬಗೆ

ಬುದ್ಧಿವಂತ ಅನ್ನಿಸಿಕೊಳ್ಳುವ ಚಟ ಕುಡಿತಕ್ಕಿಂತ ಕೆಟ್ಟದ್ದು. ಕುಡಿದವನಿಗೆ ಬೆಳಗಾದರೆ ತಲೆನೋವಾದರೂ ಬರುತ್ತದೆ, ಹೆಂಡತಿ ಪಾತ್ರೆ ಕುಕ್ಕಿ ತನ್ನ ಅಭಿಪ್ರಾಯ ತಿಳಿಸುತ್ತಾಳೆ, ದಾರಿಯಲ್ಲಿ ಹೋಗುವವರೂ ನಿಂತು ಬುದ್ಧಿ ಹೇಳುತ್ತಾರೆ. ಬುದ್ಧಿವಂತಿಕೆಯ ಅಮಲು ಏರಿದವನಿಗೆ ಊರೇ ಕೂತು ಇನ್ನೊಂದು ಲೋಟ ಸುರಿಯುತ್ತದೆ. ನನಗೂ ಸುರಿದರು, ಕುಡಿದೆ. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಯತ್ನದಲ್ಲಿ, ಅದೂ ಬೇಲಿ ನುಸುಳಿದ ಹಾಗೆ ಮೈ ಕೆರೆಸಿಕೊಂಡು ದಾಟಿದವನು ನಾನು. ಅಂಥವನನ್ನು ಒಂದು ಕಾಲದಲ್ಲಿ ‘ನಾಗರಾಜಂದು ಅಂದ್ರೆ ತಲೆ ಕಣಯ್ಯ’ ಎಂದು ಜನ ಹೊಗಳುತ್ತಿದ್ದರು. ಆ ತಲೆಯೊಳಗೆ ಇದ್ದದ್ದು ಯಾರ ಸರಕು ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ಒಗಟುಗಳು ಮೊಬೈಲಿಗೆ ಬರುತ್ತವೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಯಾರೋ ಒಬ್ಬರು ಒಂದು ಒಗಟು ಕಳಿಸಿ, ಕೆಳಗೆ ನಗುವ ಮುಖವೊಂದನ್ನು ಅಂಟಿಸಿರುತ್ತಾರೆ. ಇನ್ನೊಬ್ಬರು ಅದರ ಉತ್ತರವನ್ನು ಎಲ್ಲಿಂದಲೋ ಹೆಕ್ಕಿ ತಂದು ಹಾಕುತ್ತಾರೆ. ಹೆಕ್ಕಿ ತಂದದ್ದು ಎಂದು ಎಲ್ಲರಿಗೂ ಗೊತ್ತಿದ್ದರೂ ಎಲ್ಲರೂ ಚಪ್ಪಾಳೆ ಕಳಿಸುತ್ತಾರೆ. ನಾನು ಮಾತ್ರ ಸುಮ್ಮನಿರುತ್ತೇನೆ. ‘ತಾತನಿಗೆ ಗೊತ್ತಾಗಲಿಲ್ಲ’ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಈ ಹೆಕ್ಕುವ ವಿದ್ಯೆಯನ್ನು ಮೊಬೈಲು ಹುಟ್ಟುವ ಮೊದಲೇ ಪಾಸು ಮಾಡಿದವನು ನಾನು ಎಂದು ಹೇಳಿಕೊಳ್ಳುವುದು ಹೇಗೆ?

ಎಂಬತ್ತರ ದಶಕದ ಕೊನೆಯಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ದೊಡ್ಡಬಳ್ಳಾಪುರದ ಆಸುಪಾಸಿನ ಒಂದು ಸಣ್ಣ ಊರು. ಹೆಸರು ಬೇಡ, ಪಿಂಚಣಿ ಬರುತ್ತಿದೆ. ಎಕ್ಸ್‌ಚೇಂಜು ಅಂದರೆ ಬಾಡಿಗೆ ಮನೆಯೊಂದರ ನಡುಮನೆ. ಗೋಡೆಗೆ ಒರಗಿಸಿದ ಒಂದು ಬೋರ್ಡು, ಅದರ ತುಂಬ ತೂತುಗಳು, ಒಂದೊಂದು ತೂತಿನ ಮೇಲೂ ಕಣ್ಣರೆಪ್ಪೆಯಂಥ ಒಂದು ಸಣ್ಣ ತಗಡು. ಊರಿನಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಅವರ ತಗಡು ‘ಟಪ್’ ಎಂದು ಬೀಳುತ್ತಿತ್ತು. ನಾನು ವೈರಿನ ತುದಿಯನ್ನು ಆ ತೂತಿಗೆ ಚುಚ್ಚಿ ‘ನಂಬರ್ ಹೇಳಿ’ ಅನ್ನಬೇಕು, ಅದರ ಜೋಡಿ ವೈರನ್ನು ಅವರು ಕೇಳಿದವರ ತೂತಿಗೆ ಚುಚ್ಚಬೇಕು. ಇಬ್ಬರೂ ಮಾತಾಡುತ್ತಿದ್ದಾರೋ ಮುಗಿಸಿದ್ದಾರೋ ನೋಡಲು ಎದುರಿಗಿದ್ದ ಕೀಯನ್ನು ಒತ್ತಿ ಒಂದು ಕ್ಷಣ ಕಿವಿ ಕೊಡಬೇಕು. ಒಂದು ಕ್ಷಣ. ಇಲಾಖೆ ನನಗೆ ಕೊಟ್ಟ ಅಧಿಕಾರ ಅಷ್ಟೇ. ಉಳಿದದ್ದನ್ನು ನಾನೇ ತೆಗೆದುಕೊಂಡೆ.

ನಮ್ಮದು ಮಗ್ಗದ ಊರು. ದೊಡ್ಡಬಳ್ಳಾಪುರದಿಂದ ನೂಲು, ಮೋಟಾರು, ಸಾಲ, ಕೆಮ್ಮು ಎಲ್ಲವೂ ನಮ್ಮಲ್ಲಿಗೂ ಹರಿದು ಬಂದಿದ್ದವು. ಪವರ್‌ಲೂಮು ಓಡುವಾಗ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಫೋನು ಬಡಿದುಕೊಂಡರೂ ಕೇಳಿಸುವುದಿಲ್ಲ. ಆದರೆ ಮಧ್ಯಾಹ್ನ ಊಟದ ಹೊತ್ತು ದಾಟಿತೋ ಇಲ್ಲವೋ, ಕರೆಂಟು ಹೋಗುತ್ತಿತ್ತು. ಇಡೀ ಊರು ಬಾಯಿಗೆ ಬಟ್ಟೆ ತುರುಕಿದ ಹಾಗೆ ಒಮ್ಮೆಲೇ ಮೌನ. ಆ ಮೌನದಲ್ಲಿ ನನ್ನ ಬೋರ್ಡಿನ ತಗಡುಗಳು ಒಂದೊಂದಾಗಿ ಉದುರುತ್ತಿದ್ದವು. ಎಕ್ಸ್‌ಚೇಂಜಿಗೆ ಬ್ಯಾಟರಿ ಇತ್ತು. ಕರೆಂಟಿನ ಹಂಗಿಲ್ಲದೆ ಕೆಲಸ ಮಾಡುತ್ತಿದ್ದದ್ದು ಊರಿನಲ್ಲಿ ಅದೊಂದೇ, ಮತ್ತೆ ನನ್ನ ನಾಲಿಗೆ.

ಮೊದಲು ಬೀಳುತ್ತಿದ್ದ ತಗಡು ಗಂಗಾಧರನದು. ಸಾಸಲು ಎಂಬ ಹಳ್ಳಿಯ ಬೇಸಾಯಗಾರರ ಮನೆಯವನು, ನಮ್ಮೂರಿಗೆ ಬಂದು ಮಗ್ಗ ಹಾಕಿಕೊಂಡಿದ್ದ. ನನ್ನದೇ ವಯಸ್ಸು. ಮಾತು ಕಡಿಮೆ, ಆಡಿದರೆ ತೂಕ. ಎರಡನೆಯದು ನೂಲಿನ ಅಂಗಡಿ ಶೆಟ್ಟರದು. ಮೂರನೆಯದು ಮೋಟಾರು ರಿಪೇರಿಯ ಬಷೀರನದು. ಕರೆಂಟು ಹೋದರೆ ಸುಟ್ಟ ಮೋಟಾರುಗಳ ನಡುವೆ ಅವನಿಗೆ ಏನು ಕೆಲಸ? ಮೂವರನ್ನೂ ಬೇರೆ ಬೇರೆ ವೈರಿನಲ್ಲಿ ಚುಚ್ಚಿ ಕೀಗಳನ್ನೆಲ್ಲ ಒಟ್ಟಿಗೆ ಒತ್ತಿದರೆ ನಾಲ್ಕೂ ಜನ ಒಂದೇ ಲೈನಿನಲ್ಲಿ ಸೇರಬಹುದು ಎಂಬುದನ್ನು ನಾನು ಕಂಡುಹಿಡಿದೆ. ಹೀಗೆ ಮಾಡಬಾರದು ಎಂದು ನಿಯಮ ಇತ್ತೋ ಇಲ್ಲವೋ ತಿಳಿಯದು, ನಾನು ಕೇಳಲಿಲ್ಲ. ಅವರವರ ಜಾಗದಲ್ಲೇ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ನಾವು ಒಗಟಿನ ಆಟ ಆಡುತ್ತಿದ್ದೆವು.

ಆಟಕ್ಕೆ ಹಳೆಯ ಕಾಯಿದೆಯನ್ನೇ ಇಟ್ಟುಕೊಂಡಿದ್ದೆವು. ಉತ್ತರ ಗೊತ್ತಾಗದವನು ‘ಸೋತೆ’ ಅನ್ನಬೇಕು, ಸೋತವನು ಒಂದು ಊರು ಕೊಡಬೇಕು. ನಮ್ಮ ಅಜ್ಜಿಯರು ಜಗಲಿಯ ಮೇಲೆ ಹಾಗೇ ಆಡಿಸುತ್ತಿದ್ದರು. ಕೊಟ್ಟ ಊರು ಗೆದ್ದವನ ಪಾಲು. ಶೆಟ್ಟರು ಸೋತಾಗಲೆಲ್ಲ ಕಂಡವರ ಊರನ್ನು ಕೊಡುತ್ತಿದ್ದರು, ತಮ್ಮ ಅಂಗಡಿ ಇದ್ದ ಬೀದಿಯನ್ನು ಮಾತ್ರ ಯಾವತ್ತೂ ಮುಟ್ಟಲಿಲ್ಲ. ಬಷೀರನಿಗೆ ಕೈ ದೊಡ್ಡದು. ಒಂದು ಸಲ ಬೂದಿಗೆರೆ ಕೊಟ್ಟ, ಇನ್ನೊಂದು ಸಲ ‘ಅರೆ ತಗೋ ಗುರು, ದೇವನಹಳ್ಳಿನೇ ಇಟ್ಕೋ, ಕೋಟೆ ಸಮೇತ’ ಎಂದುಬಿಟ್ಟ. ಅಲ್ಲಿ ಮುಂದೆ ವಿಮಾನ ಇಳಿಯುತ್ತದೆ, ಭೂಮಿಗೆ ಬೆಂಕಿಯಂಥ ಬೆಲೆ ಬರುತ್ತದೆ ಎಂದು ಅವನಿಗಾಗಲಿ ನನಗಾಗಲಿ ಏನು ಗೊತ್ತು? ಆ ಬಾಬ್ತಿನಲ್ಲಿ ಈ ಜಿಲ್ಲೆಯ ಅರ್ಧ ಭಾಗದ ಒಡೆಯ ನಾನು. ಬಾಡಿಗೆ ಮನೆಯಲ್ಲಿ ಕೂತು ಹೇಳುತ್ತಿದ್ದೇನೆ.

ಗಂಗಾಧರ ಮಾತ್ರ ಒಂದು ಷರತ್ತು ಹಾಕಿದ್ದ. ‘ಯಾವೂರ್ ಬೇಕಾದ್ರೂ ಕೊಡ್ತೀನಿ. ಸಾಸ್ಲು ಕೇಳ್ಬೇಡ್ರಿ. ಅಲ್ಲಿ ನಮ್ಮವ್ವ ಅವ್ಳೆ.’ ನಾವೂ ಒಪ್ಪಿದ್ದೆವು. ಶೆಟ್ಟರು ಆಗಾಗ ಕೆಣಕುತ್ತಿದ್ದರು: ‘ಲೋ ಗಂಗಾಧರ, ಸಾಸ್ಲಲ್ಲಿ ಏನಯ್ಯ ನಿಧಿ ಹೂತಿಟ್ಟಿದ್ದೀಯಾ?’ ಅವನು, ‘ಹೌದ್ ಶೆಟ್ರೆ, ನಿಮ್ಮಂಗಡಿ ಗಲ್ಲಾಪೆಟ್ಟಿಗೇಲಿ ಹಿಡಿಯೋದಲ್ಲ ಅದು’ ಎನ್ನುತ್ತಿದ್ದ.

ನಿಧಿಯ ಮಾತು ಸುಳ್ಳಲ್ಲ. ಗಂಗಾಧರನ ತಾಯಿ ಪುಟ್ಟತಾಯಮ್ಮ ಒಗಟಿನ ಕಣಜ. ಕರೆಂಟು ಹೋದ ಕೂಡಲೇ ಅವನು ಮೊದಲು ನನ್ನಿಂದ ಸಾಸಲಿನ ಲೈನು ಕೇಳುತ್ತಿದ್ದ. ಅಲ್ಲಿ ಒಂದು ಚಿಲ್ಲರೆ ಅಂಗಡಿಯಲ್ಲಿ ಫೋನು ಇತ್ತು, ಪಕ್ಕದ ಮನೆಯೇ ಅವರದು. ಅಂಗಡಿಯವನು ಕೂಗಿದರೆ ಆ ತಾಯಿ ಸೆರಗಿಗೆ ಕೈ ಒರೆಸುತ್ತ ಬಂದು ಫೋನು ಹಿಡಿಯುತ್ತಿದ್ದರು. ಊಟ, ಹಸು, ಮಂಡಿನೋವು ಎಲ್ಲ ಆದ ಮೇಲೆ ಅವನು ಕೇಳುವನು: ‘ಇವತ್ತಿಗೆ ಒಂದು ಒಗಟು ಕೊಡವ್ವ.’ ಅವರು ಒಗಟು ಹೇಳಿ ಉತ್ತರವನ್ನೂ ಹೇಳುವರು. ಆಮೇಲೆ ಅವನು ನನಗೆ, ‘ಎಲ್ರನ್ನೂ ಸೇರ್ಸಪ್ಪ ನಾಗ’ ಅನ್ನುವನು.

ಮೊದಲ ಸಲ ನಾನು ಕೇಳಿಸಿಕೊಂಡದ್ದು ಆಕಸ್ಮಿಕ. ಮಾತು ಮುಗಿಯಿತೇ ಎಂದು ಕೀ ಒತ್ತಿದೆ. ಆ ಕಡೆಯಿಂದ ಪುಟ್ಟತಾಯಮ್ಮನ ದನಿ: ‘ಈ ಗೋಡೆಗ್ ತಲೆ ಚಚ್ಚಿ, ಆ ಗೋಡೆಗ್ ತಲೆ ಚಚ್ಚಿ, ಊರ್ಗೆಲ್ಲ ಮಾನ ಕೊಡ್ತಾನೆ. ಯಾರ್ಲಾ? ನಿನ್ ಮಗ್ಗದ ಲಾಳಿ ಕಣ್ಲಾ!’ ಎಂದು ಅವರೇ ನಕ್ಕರು. ಐದು ನಿಮಿಷಕ್ಕೆ ಗಂಗಾಧರ ಅದೇ ಒಗಟನ್ನು ನಮ್ಮ ಮುಂದಿಟ್ಟ. ಶೆಟ್ಟರು ತಿಣುಕಿದರು, ಬಷೀರ್ ‘ಹುಚ್ಚ’ ಎಂದ. ನಾನು ಗಂಟಲು ಸರಿಮಾಡಿಕೊಂಡು, ಈಗಷ್ಟೇ ಹೊಳೆದವನ ಹಾಗೆ ‘ಲಾಳಿ ಇರ್ಬೋದೇನಪ್ಪಾ?’ ಎಂದೆ. ‘ಭಲೇ!’ ಎಂದರು ಶೆಟ್ಟರು. ಆ ‘ಭಲೇ’ ನನ್ನ ಮೊದಲ ಲೋಟ.

ಆಮೇಲಿನವು ಯಾವುವೂ ಆಕಸ್ಮಿಕವಲ್ಲ. ಗಂಗಾಧರನಿಗೆ ಸಾಸಲು ಕೊಟ್ಟು ಕೀ ಒತ್ತಿ ಹಿಡಿದು, ಉಸಿರು ಕೇಳಿಸಬಾರದೆಂದು ಬಾಯಿ ಹತ್ತಿರದ ತುತ್ತೂರಿಗೆ ಕರವಸ್ತ್ರ ಮುಚ್ಚಿ ಕೂತುಬಿಡುತ್ತಿದ್ದೆ. ಬೇರೆ ಕರೆಗಳ ತಗಡು ಬಿದ್ದರೂ ಕಾಯಲಿ ಎಂದು ಬಿಟ್ಟಿದ್ದುಂಟು. ಕಳ್ಳನಿಗೂ ಕಸುಬಿನ ಅಚ್ಚುಕಟ್ಟು ಬೇಕಲ್ಲ. ಉತ್ತರವನ್ನು ತಕ್ಷಣ ಹೇಳುತ್ತಿರಲಿಲ್ಲ. ಮೊದಲು ಒಂದು ತಪ್ಪು ಉತ್ತರ ಕೊಡುತ್ತಿದ್ದೆ, ‘ತಡಿ, ತಡಿ’ ಎನ್ನುತ್ತಿದ್ದೆ, ನಡುವೆ ಸೋಲುವವನ ಹಾಗೆ ನಿಟ್ಟುಸಿರು ಬಿಡುತ್ತಿದ್ದೆ. ವಾರಕ್ಕೊಮ್ಮೆ ಬೇಕೆಂತಲೇ ಸೋತು ಯಾವುದೋ ಬೋಳು ಗುಡ್ಡದ ಊರನ್ನು ದಾನ ಮಾಡುತ್ತಿದ್ದೆ. ‘ಬಾಗ್ಲಲ್ಲಿ ಹುಟ್ಟಿ, ಎಲ್ರ ಕಾಲಲ್ಲಿ ಊರೆಲ್ಲ ಸುತ್ತಿ ಬರ್ತಾಳೆ’ ಅಂದರೆ ರಂಗೋಲಿ. ‘ಅವ್ವ ಕೂತಲ್ಲೇ ಕೂರ್ತಾಳೆ, ಮಗ್ಳು ಮೇಲೆ ಕೂತು ಸುತ್ತುತಾಳೆ, ಮಧ್ಯೆ ಸಿಕ್ಕೋನು ಪುಡಿಪುಡಿ’ ಅಂದರೆ ಬೀಸೋಕಲ್ಲು. ಊರಿನಲ್ಲಿ ನನ್ನ ಹೆಸರು ಬೆಳೆಯಿತು. ಕ್ಷೌರದಂಗಡಿಯಲ್ಲಿ ನನಗೆ ಮೊದಲು ಕುರ್ಚಿ. ಮದುವೆಮನೆಗಳಲ್ಲಿ ಗಂಡಿನ ಕಡೆಯವರನ್ನು ಒಗಟು ಹಾಕಿ ಕಾಡಿಸುವುದಕ್ಕೆ ನನ್ನನ್ನು ಕರೆಯುತ್ತಿದ್ದರು. ಕಾಡಿಸುವುದು ಸುಲಭ, ಬಿಡಿಸುವ ಸರದಿ ಬಂದಾಗ ನನಗೆ ಹೊಟ್ಟೆನೋವು ಬಂದುಬಿಡುತ್ತಿತ್ತು. ನನ್ನ ಹೆಂಡತಿ ಒಬ್ಬಳು ನಂಬಲಿಲ್ಲ. ‘ಮನೇಲಿ ಚಪ್ಪಲಿ ಎಲ್ಲಿ ಬಿಟ್ಟಿದ್ದೀನಿ ಅಂತ ಗೊತ್ತಾಗ್ದಿರೋ ಗಂಡಸ್ಗೆ ಇದೆಲ್ಲ ಹ್ಯಾಗ್ರೀ ಗೊತ್ತಾಗತ್ತೆ?’ ಎಂದು ಕೇಳಿದ್ದಳು. ನಾನು ಉತ್ತರ ಹೇಳಲಿಲ್ಲ. ಆ ಒಗಟಿಗೆ ನಾನು ಊರನ್ನೂ ಕೊಡಲಿಲ್ಲ.

ಒಂದು ಮಧ್ಯಾಹ್ನ ಎಂದಿನಂತೆ ಕರೆಂಟು ಹೋಯಿತು, ಗಂಗಾಧರನ ತಗಡು ಬಿತ್ತು, ಸಾಸಲು ಕೊಟ್ಟೆ, ಕರವಸ್ತ್ರ ಮುಚ್ಚಿದೆ. ಪುಟ್ಟತಾಯಮ್ಮ ಹೇಳಿದರು: ‘ಮೂರ್ ಜನ ಅಕ್ಕತಂಗೇರು. ಒಂದೇ ಹೊರೆ ಹೊರ್ತಾರೆ. ಕಾಲ್ಬುಡಕ್ಕೆ ಬೆಂಕಿ ಬಿದ್ರೂ ಕೆಳಗಿಳ್ಸಲ್ಲ.’

‘ಉತ್ತರ ಏನವ್ವ?’

‘ಅದೇ ಕಣ್ಲಾ… ಅದೂ…’ ದನಿ ನಿಂತಿತು. ‘ಇಲ್ಲೇ ಇತ್ತಲ್ಲ… ಇಲ್ಲೇ ಇತ್ತು. ಏನ್ಲಾ ಅದು, ಗಂಗಾ? ಬೆಳಿಗ್ಗೆಯಿಂದ ಅದ್ರ ಮುಂದೇನೇ ಕೂತಿದ್ದೆ.’

ಗಂಗಾಧರ ಬಹಳ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ‘ಅವಸರ ಇಲ್ಲ ಕಣವ್ವ. ನೆನಪು ಮಾಡ್ಕೊ. ನಾನ್ ದಿನಾ ಫೋನ್ ಮಾಡೋದೇ ಅದಕ್ಕಲ್ವಾ? ಒಂದು ಹೋದ್ರೆ ಇನ್ನೊಂದು ಬತ್ತದೆ’ ಎಂದ.

‘ನಿನ್ನೆ ಹಿತ್ಲಿಗೆ ಹೋದೋಳು ಯಾಕ್ ಬಂದೆ ಅಂತ ಮರ್ತು ನಿಂತ್ಬಿಟ್ಟಿದ್ದೆ ಕಣ್ಲಾ. ನಿಂಗೊಬ್ನಿಗೇ ಹೇಳ್ತಿದೀನಿ. ಮನೇಲಿ ನಿಮ್ ಅತ್ತಿಗೇರಿಗೆಲ್ಲ ಹೇಳ್ಬೇಡ. ಗೊತ್ತಾದ್ರೆ ನನ್ ಕೈಗೆ ಒಲೆ ಕೊಡಲ್ಲ. ಊರೋರು ನಗ್ತಾರೆ.’

‘ಯಾರ್ಗೂ ಹೇಳಲ್ಲವ್ವ. ನಾನು, ನೀನು, ಇಬ್ರೇ.’

ಇಬ್ಬರೇ ಅಂದ. ಮೂರನೆಯವನು ಕರವಸ್ತ್ರ ಮುಚ್ಚಿಕೊಂಡು ಕೂತಿದ್ದ. ಆ ಹೊತ್ತಿಗೆ ಅವನ ಮನಸ್ಸಿನಲ್ಲಿ ಮರುಕ ಬಂತು ಎಂದು ಬರೆದರೆ ಈ ಲೇಖನಕ್ಕೆ ಶೋಭೆ. ಬರಲಿಲ್ಲ. ಬಂದದ್ದು ಗಾಬರಿ. ಉತ್ತರ ಸಿಗಲಿಲ್ಲವಲ್ಲ, ಈಗ ಏನು ಮಾಡುವುದು ಎಂಬ ಗಾಬರಿ.

ಎಲ್ಲರನ್ನೂ ಸೇರಿಸಿದೆ. ಗಂಗಾಧರ ಅದೇ ಮೂವರು ಅಕ್ಕತಂಗಿಯರನ್ನು ತಂದು ನಿಲ್ಲಿಸಿದ. ಕದ್ದು ತಿಂದು ತಿಂದು ನನ್ನ ತಲೆ ಅಗಿಯುವುದನ್ನೇ ಮರೆತಿತ್ತು. ತೆಂಗಿನಕಾಯಿಯ ಮೂರು ಕಣ್ಣು ಎಂದೆ, ಮುಕ್ಕಾಲಿ ಪೀಠ ಎಂದೆ, ದೀಪಾವಳಿ ಬಾಣ ಎಂದೂ ಹೇಳಿದೆನೆಂದು ನೆನಪು. ‘ಅಯ್ಯೋ ನಿನ್ ತಲೆಗಿಷ್ಟು!’ ಎಂದರು ಶೆಟ್ಟರು. ‘ಒಲೆಗುಂಡು ಕಣಯ್ಯ, ಮೂರು ಒಲೆಗುಂಡು! ನಮ್ಮನೇಲಿ ತೊಟ್ಲಲ್ಲಿರೋ ಮಗೂನೂ ಹೇಳತ್ತೆ. ಏನಾಯ್ತೋ ಇವತ್ತು ನಿಂಗೆ?’ ಬಷೀರ್ ಹೊಟ್ಟೆ ಹಿಡಿದುಕೊಂಡು ನಗುವುದು ಲೈನಿನಲ್ಲಿ ಗರಗರ ಎನ್ನುತ್ತಿತ್ತು. ಗಂಗಾಧರನೂ ನಕ್ಕ. ಮೂರು ಕಲ್ಲುಗಳನ್ನು ದಿನಾ ಕಂಡೂ ಕಾಣದವರಲ್ಲಿ ಆವತ್ತು ನಾನೂ ಒಬ್ಬ. ಆದರೆ ಆ ತಾಯಿಗೆ ಮುಪ್ಪಿನ ನೆಪವಿತ್ತು.

ಸೋಲು ಮೈ ಕಡಿಯತೊಡಗಿತು. ನನ್ನದೇ ಒಂದು ಒಗಟು ಕಟ್ಟಿ ಇವರನ್ನೆಲ್ಲ ಮಣ್ಣು ಮುಕ್ಕಿಸಬೇಕು ಎನ್ನಿಸಿತು. ಕಟ್ಟುವುದಕ್ಕೆ ಸಾಮಾನು ಬೇಕಲ್ಲ? ನನ್ನ ಕೈಯಲ್ಲಿದ್ದದ್ದು ಕದ್ದ ಸಾಮಾನು ಒಂದೇ. ಮಾರನೆಯ ದಿನ ಸ್ನಾನ ಮಾಡುವಾಗ ಅದು ತಾನಾಗಿಯೇ ಜೋಡಿಸಿಕೊಂಡಿತು. ಎಷ್ಟು ಚೆನ್ನಾಗಿ ಬಂತೆಂದರೆ ಮೈ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದೆ. ಗಂಗಾಧರನಿಗೆ ಇದರಿಂದ ಏನಾದೀತು ಎಂದು ಯೋಚಿಸಲಿಲ್ಲವೇ ಎಂದು ನೀವು ಕೇಳಬಹುದು. ಯೋಚಿಸಿದೆ. ಅವನಿಗೆ ಗೊತ್ತಾಗುವುದಿಲ್ಲ ಎಂದುಕೊಂಡೆ. ನನಗಿಂತ ಬುದ್ಧಿವಂತರು ಲೋಕದಲ್ಲಿ ಇದ್ದಾರೆ ಎಂಬುದನ್ನು ನಾನು ಆ ದಿನಗಳಲ್ಲಿ ಪೂರ್ತಿ ಮರೆತಿದ್ದೆ.

ಕರೆಂಟು ಹೋಯಿತು, ನಾಲ್ವರೂ ಸೇರಿದೆವು. ‘ಇವತ್ತು ನಂದು ಮೊದ್ಲು’ ಎಂದೆ. ‘ಕೇಳ್ರಪ್ಪಾ. ಊರ್ಗೆಲ್ಲ ಬೀಗ ಹಂಚ್ತಾಳೆ. ಬೀಗದ ಕೈ ಕೇಳಿದ್ರೆ ಇಲ್ಲೇ ಇತ್ತು, ಇಲ್ಲೇ ಇತ್ತು ಅಂತ ಒಲೆ ಮುಂದೆ ತಡಕಾಡ್ತಾಳೆ. ಯಾರು?’

‘ಬೀಗ ರಿಪೇರಿಯೋನ ಹೆಂಡ್ತಿ!’ ಎಂದರು ಶೆಟ್ಟರು.

‘ನಮ್ಮನೆಯೋಳೇ ಗುರು!’ ಎಂದ ಬಷೀರ್. ‘ಮೂಗಿನ ಮೇಲೆ ಕನ್ನಡಕ ಇಟ್ಕೊಂಡು ಮನೆಯೆಲ್ಲ ಹುಡುಕ್ತಾಳೆ!’

‘ತಪ್ಪು, ತಪ್ಪು!’ ನನಗೆ ಹಿಗ್ಗೋ ಹಿಗ್ಗು. ‘ಗಂಗಾಧರ, ನೀನ್ ಹೇಳಪ್ಪ. ಬರ್ಲಿಲ್ವಾ?’

ಲೈನಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ಶೆಟ್ಟರು, ‘ಏ ಇದ್ದೀಯೇನೋ?’ ಎಂದು ಕೂಗಿದರು.

‘ಇದ್ದೀನಿ ಶೆಟ್ರೆ’ ಎಂದ ಗಂಗಾಧರ. ‘ಉತ್ತರ ನಂಗೊತ್ತು.’

‘ಹೇಳ್ ಮತ್ತೆ!’

‘ಹೇಳಲ್ಲ. ಸೋತೆ ಅಂತ್ಲೇ ಇಟ್ಕೊಳ್ಳಿ. ಊರ್ ಕೊಡ್ಬೇಕಲ್ಲ, ಸಾಸ್ಲು ಕೊಟ್ಟೆ.’

‘ಲೋ, ಅವ್ವನೂರು ಕಣೋ! ಅದನ್ನ ಕೊಡಲ್ಲ ಅಂದಿದ್ದೆಯಲ್ಲೋ?’

‘ಇನ್ನೇನ್ ಕೊಡೋದು ಬಿಡಿ ಶೆಟ್ರೆ, ಅದಾಗ್ಲೇ ಅವಂದೇ ಆಗೋಗಿದೆ. ದಿನಾ ನನ್ ಜೊತೇಲೇ ಅಲ್ಲಿಗ್ ಬಂದು, ನಮ್ಮನೆ ಒಳಗೇ ಕೂತು ಹೋಗ್ತಿದ್ದ. ನಂಗೇ ಗೊತ್ತಿರ್ಲಿಲ್ಲ.’

ಫೋನು ಇಟ್ಟ ಸದ್ದಾಯಿತು. ಬೈಗುಳವಿಲ್ಲ, ಕೂಗಾಟವಿಲ್ಲ. ಶೆಟ್ಟರು, ‘ಏನಂದ ಅವ್ನು? ಏನ್ ಅರ್ಥ ಅದ್ರದ್ದು?’ ಎಂದು ಕೇಳಿದರು. ಮೋಟಾರು ಬಿಚ್ಚಿ ಒಳಗಿನ ದೋಷ ನೋಡಿ ಅಭ್ಯಾಸವಿದ್ದ ಬಷೀರನಿಗೆ ಬೇಗ ಹೊಳೆದಿರಬೇಕು. ‘ನಾಗಣ್ಣ, ಲಾಳಿ ಒಗಟು… ಅದೂ ಹಂಗೇನಾ?’ ಎಂದಷ್ಟೇ ಕೇಳಿ, ನನ್ನ ಉತ್ತರಕ್ಕೆ ಕಾಯದೆ ಅವನೂ ಇಟ್ಟುಬಿಟ್ಟ.

ಮರುದಿನ ಕರೆಂಟು ಹೋಯಿತು. ಗಂಗಾಧರನ ತಗಡು ಬೀಳಲಿಲ್ಲ. ಆ ಸಣ್ಣ ತಗಡನ್ನೇ ನೋಡುತ್ತ ಕೂತೆ. ಮುಚ್ಚಿದ ಕಣ್ಣರೆಪ್ಪೆಯ ಹಾಗೇ ಇತ್ತು. ಕೆಲವು ದಿನಗಳ ಮೇಲೆ ಸಾಸಲಿನಿಂದಲೇ ಕರೆ ಬಂತು. ‘ಯಾರಪ್ಪಾ, ಎಕ್ಸ್‌ಚೇಂಜಾ? ನಮ್ ಗಂಗಾಧರನ್ನ ಕೊಡಪ್ಪ. ಮಗ ಯಾಕೋ ಫೋನೇ ಮಾಡ್ತಿಲ್ಲ. ಒಲೆಗುಂಡು ಅಂತ ಹೇಳ್ಬೇಕಿತ್ತು ಅವ್ನಿಗೆ. ನೆನಪ್ ಬಂತು, ಮತ್ತೆ ಮರ್ತೋಗೋ ಮುಂಚೆ ಹೇಳ್ಬಿಡ್ತೀನಿ.’ ಆ ತಾಯಿ ನನ್ನೊಡನೆ ಆಡಿದ ಮಾತು ಅದೊಂದೇ. ಲೈನು ಕೊಟ್ಟೆ, ಈ ಸಲ ಕೀ ಒತ್ತಲಿಲ್ಲ. ಒತ್ತದಿದ್ದರೂ ಗೊತ್ತಾಯಿತು, ಸಾಸಲಿನವರು ಒಂದು ಉಸಿರಿನಲ್ಲೇ ಮಾತು ಮುಗಿಸಿ ಹಿಡಿ ತಿರುಗಿಸಿದರು. ‘ಫೋನಲ್ಲಿ ಬೇಡವ್ವ, ನಾನೇ ಬರ್ತೀನಿ’ ಎಂದಿರಬೇಕು. ಆಮೇಲೆ ಅವನು ಭಾನುವಾರಗಳಲ್ಲಿ ಸಾಸಲಿನ ಬಸ್ಸಿಗೆ ಕಾಯುವುದನ್ನು ಕಾಣುತ್ತಿದ್ದೆ. ದಿನಕ್ಕೊಂದು ಬಾರಿ ಆ ತಾಯಿಯ ನೆನಪಿನ ಕಣಜಕ್ಕೆ ಕೈ ಹಾಕಿ ಕದಲಿಸುತ್ತಿದ್ದದ್ದು, ನನ್ನ ದೆಸೆಯಿಂದ ವಾರಕ್ಕೊಂದು ಬಾರಿಯಾಯಿತು. ಕದಲಿಸದ ಕಾಳಿಗೆ ಹುಳು ಹಿಡಿಯುತ್ತದೆಂದು ಬೇಸಾಯದ ಮನೆಯವರಿಗೆ ಹೇಳಬೇಕಾಗಿಲ್ಲ.

ತಪ್ಪೊಪ್ಪಿಕೊಳ್ಳಲು ಹೋಗಲಿಲ್ಲವೇ? ಹೋದೆ. ಅದೂ ಒಂದು ತಮಾಷೆಯೇ ಆಯಿತು. ಅವನ ಮಗ್ಗದ ಮನೆಗೆ ಹೋದಾಗ ಮಗ್ಗಗಳೆಲ್ಲ ಓಡುತ್ತಿದ್ದವು. ‘ನಂದು ತಪ್ಪಾಯ್ತು’ ಎಂದೆ. ಅವನು ಕಿವಿ ತೋರಿಸಿ ಕೈ ಆಡಿಸಿದ, ಕೇಳಿಸುವುದಿಲ್ಲ ಎಂದು. ಇನ್ನೂ ಗಟ್ಟಿಯಾಗಿ ‘ಕದ್ದು ಕೇಳ್ತಿದ್ದೆ ಕಣೋ!’ ಎಂದು ಕಿರುಚಿದೆ. ನೂಲು ಜೋಡಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು, ಅವನು ನೋಡಲಿಲ್ಲ. ಕರೆಂಟು ಹೋಗಲಿ, ಎರಡು ಮಾತು ಆಡಿಬಿಡುತ್ತೇನೆ ಎಂದು ಬಾಗಿಲಲ್ಲೇ ಕಾದು ನಿಂತೆ. ಇಡೀ ಊರು ಕರೆಂಟು ಬರಲಿ ಎಂದು ದೇವರಿಗೆ ಹರಕೆ ಹೊರುತ್ತಿದ್ದ ಕಾಲದಲ್ಲಿ, ಹೋಗಲಿ ಎಂದು ಬೇಡಿಕೊಂಡ ಭಕ್ತ ನಾನೊಬ್ಬನೇ ಇರಬೇಕು. ಆವತ್ತು ಹೋಗಲಿಲ್ಲ. ಲಾಳಿ ಈ ಗೋಡೆಗೂ ಆ ಗೋಡೆಗೂ ತಲೆ ಚಚ್ಚುತ್ತಲೇ ಇತ್ತು, ನಾನು ನಿಂತೇ ಇದ್ದೆ, ಊರಿಗೆಲ್ಲ ಮಾನ ಸಿದ್ಧವಾಗುತ್ತಿತ್ತು. ನನ್ನ ಅಳತೆಗೆ ಅದರಲ್ಲಿ ಒಂದು ತುಂಡೂ ಇರಲಿಲ್ಲ. ಕೊನೆಗೆ ಮನೆಗೆ ಬಂದೆ. ಇನ್ನೊಮ್ಮೆ ಹೋಗಬಹುದಾಗಿತ್ತು. ಕರೆಂಟು ಇಲ್ಲದ ಹೊತ್ತು ನೋಡಿಕೊಂಡೇ ಹೋಗಬಹುದಾಗಿತ್ತು. ಅದು ಯಾವ ಹೊತ್ತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹೋಗಲಿಲ್ಲ.

ತೊಂಬತ್ತರ ದಶಕದಲ್ಲಿ ಜನ ತಾವೇ ನಂಬರು ತಿರುಗಿಸುವ ಎಕ್ಸ್‌ಚೇಂಜು ಬಂತು. ಬೋರ್ಡು ಕಳಚಿ ಲಾರಿಗೆ ಹಾಕಿದರು, ನನ್ನನ್ನು ಇನ್ನೊಂದು ಊರಿನ ಕೌಂಟರಿಗೆ ಹಾಕಿದರು. ಪುಟ್ಟತಾಯಮ್ಮ ಕೊನೆಕೊನೆಗೆ ಗಂಗಾಧರನನ್ನೇ ‘ಯಾರಪ್ಪಾ ನೀನು, ಯಾವೂರು?’ ಎಂದು ಕೇಳುತ್ತಿದ್ದರಂತೆ. ಬಷೀರ್ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ. ಗಂಗಾಧರ ಏನು ಉತ್ತರ ಕೊಡುತ್ತಿದ್ದನೋ ಕೇಳುವ ಧೈರ್ಯ ನನಗಾಗಲಿಲ್ಲ. ಯಾವ ಊರು ಅಂದಾನು? ಅವನ ಊರನ್ನು ನಾನು ಗೆದ್ದುಕೊಂಡಿದ್ದೆನಲ್ಲ.

ಆ ಕಡೆ ನಮ್ಮ ನೆಂಟರಿದ್ದಾರೆ. ವರ್ಷಕ್ಕೊಮ್ಮೆಯಾದರೂ ಸಾಸಲಿನ ಮೇಲೆ ಹಾದು ಹೋಗಬೇಕಾಗುತ್ತದೆ. ಬಸ್ಸು ನಿಂತಾಗ ಕಂಡಕ್ಟರು ‘ಸಾಸ್ಲು ಇಳಿಯೋರು ಬನ್ರೀ, ಬೇಗ ಬೇಗ’ ಎಂದು ಕೂಗುತ್ತಾನೆ. ಆ ಚಿಲ್ಲರೆ ಅಂಗಡಿ ಈಗಲೂ ಇದೆಯೋ, ಪಕ್ಕದ ಮನೆಯ ಒಲೆ ಉರಿಯುತ್ತಿದೆಯೋ ತಿಳಿಯದು. ಕಿಟಕಿಯ ಕಡೆ ಕೂತಿದ್ದರೆ ಕರವಸ್ತ್ರ ತೆಗೆದು ಮುಖ ಮುಚ್ಚಿಕೊಳ್ಳುತ್ತೇನೆ. ‘ಧೂಳಾ ರೀ?’ ಎನ್ನುತ್ತಾಳೆ ಹೆಂಡತಿ. ‘ಹೂಂ’ ಎನ್ನುತ್ತೇನೆ. ಒಂದು ಊರಿನ ಒಡೆಯ ತನ್ನ ಊರಿನಲ್ಲೇ ಬಸ್ಸಿನಿಂದ ಇಳಿಯಲಾರದೆ ಉಸಿರು ಬಿಗಿಹಿಡಿದು ಕೂತಿರುತ್ತಾನೆ, ಯಾಕೆ? ಬಿಡಿಸಿ ನೋಡಿ. ಗೊತ್ತಾಗದಿದ್ದರೆ ಬೇಸರವಿಲ್ಲ, ನೀವು ನನಗೆ ಊರನ್ನೇನೂ ಕೊಡಬೇಡಿ. ಇರುವುದೇ ಭಾರವಾಗಿದೆ.